ಕಂತಿನಲ್ಲಿ ಬರುವ ಚಿತ್ರ: ಮೊಬೈಲ್ ಟಿ.ವಿ. ಪ್ರಸಾರ ಮತ್ತು ರಾಯಚೂರು ಸೀಮೆ

ಫೋನಿನಲ್ಲಿ ಚಿತ್ರ ನೋಡಬೇಕಾದರೆ ಇಂಟರ್‌ನೆಟ್ ಇರಲೇಬೇಕು ಎಂದು ನಂಬಿದ್ದೇವೆ. ಆದರೆ ಗೋಪುರದಿಂದ ಒಮ್ಮೆ ಬಿತ್ತರವಾದದ್ದನ್ನು ಲಕ್ಷ ಫೋನುಗಳು ಒಟ್ಟಿಗೇ ಹಿಡಿಯುವ ವಿದ್ಯೆ 2004ರಲ್ಲೇ ಡಿವಿಬಿ-ಎಚ್ ಎಂಬ ಯುರೋಪಿನ ಮಾನದಂಡವಾಗಿತ್ತು. ಅದು ಮಾರುಕಟ್ಟೆಯಲ್ಲಿ ಸೋತಿತು, ಅದರ ತತ್ವ ಸೋಲಲಿಲ್ಲ. ಆ ತತ್ವದ ಅಗತ್ಯ ಮಹಾನಗರಗಳಿಗಿಂತ ರಾಯಚೂರು, ದೇವದುರ್ಗ, ಮಾನ್ವಿಗಳಿಗೆ ಹೆಚ್ಚು ಎಂಬುದು ನನ್ನ ವಾದ.

ಸಾಮಾನ್ಯ ಡಿಜಿಟಲ್ ಪ್ರಸಾರದಲ್ಲಿ ಹಲವು ವಾಹಿನಿಗಳ ದತ್ತಾಂಶ ಬೆರೆತು ಹರಿಯುತ್ತದೆ. ಹಾಗಾಗಿ ರಿಸೀವರ್ ಸದಾ ಎಚ್ಚರವಿರಬೇಕು, ಬ್ಯಾಟರಿ ಬೇಗ ಬರಿದಾಗುತ್ತದೆ. ಡಿವಿಬಿ-ಎಚ್‌ನಲ್ಲಿ ಪ್ರತಿ ವಾಹಿನಿಗೂ ಕಾಲುವೆಯ ವಾರಬಂದಿಯಂತೆ ಸರದಿ ಉಂಟು. ಸೆಕೆಂಡಿಗೆ 4 ಲಕ್ಷ ಬಿಟ್ ಬೇಡುವ ವಾಹಿನಿಯೊಂದನ್ನು ತೆಗೆದುಕೊಳ್ಳಿ. ಐದು ಸೆಕೆಂಡಿಗೆ ಬೇಕಾದ 20 ಲಕ್ಷ ಬಿಟ್, ಸೆಕೆಂಡಿಗೆ 1 ಕೋಟಿಯ ವೇಗದಲ್ಲಿ 0.2 ಸೆಕೆಂಡಿನಲ್ಲೇ ಒಂದು ಕಂತಾಗಿ ಬಂದುಬಿಡುತ್ತದೆ. ಸಿದ್ಧತೆಗೆ ಕಾಲು ಸೆಕೆಂಡು ಸೇರಿಸಿದರೂ ರಿಸೀವರ್ ಹತ್ತರಲ್ಲಿ ಒಂಬತ್ತು ಪಾಲು ಹೊತ್ತು ಮಲಗಿರಬಹುದು. ಕೂಡಿಟ್ಟ ಕಂತಿನಿಂದ ಚಿತ್ರ ತಡೆಯಿಲ್ಲದೆ ಓಡುತ್ತದೆ. ಮುಂದಿನ ಕಂತು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಈ ಕಂತಿನ ಪ್ರತಿ ತುಣುಕಿನ ತಲೆಯಲ್ಲೂ ಬರೆದಿರುತ್ತದೆ. ಕೆಲವು ತುಣುಕು ಕಳೆದರೂ ಒಂದು ಕೈಸೇರಿದರೆ ಸಾಕು, ಸರದಿ ತಪ್ಪದು. ಬಿಡುವಿನಲ್ಲಿ ಫೋನು ಪಕ್ಕದ ಗೋಪುರದ ಸಂಕೇತವನ್ನೂ ಅರಸಬಹುದು. ಬಿಟ್ಟು ಬಿಟ್ಟು ಬರುವುದು ಕೊರತೆಯಲ್ಲ. ಯಾವಾಗ ಬರುವುದೆಂದು ತಿಳಿಸದಿರುವುದೇ ಕೊರತೆ.

ಹಂಚಿಕೊಂಡು ನೋಡುವುದು ಈ ನೆಲಕ್ಕೆ ಹೊಸದಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ 'ಸೈಟ್' ಎಂಬ ಉಪಗ್ರಹ ಟಿ.ವಿ. ಪ್ರಯೋಗದಲ್ಲಿ ಎಟಿಎಸ್-6 ಉಪಗ್ರಹದ ಪ್ರಸಾರ ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳ ಹಳ್ಳಿಗಳನ್ನು ತಲುಪಿತು. ಪ್ರಸಾರ ದಿನಕ್ಕೆ ಒಟ್ಟು ಸುಮಾರು ನಾಲ್ಕು ಗಂಟೆ. ಸಾರ್ವಜನಿಕ ಸೆಟ್ಟಿನ ಮುಂದೆ ಊರೇ ಕೂಡುತ್ತಿತ್ತು. ಒಂದೇ ಚಿತ್ರಕ್ಕೆ ಕನ್ನಡ, ತೆಲುಗು ಎರಡು ಧ್ವನಿಗಳಿದ್ದವು. ದುಬಾರಿ ಉಪಗ್ರಹದ ಹೊತ್ತನ್ನು ಸರದಿಯಲ್ಲಿ ಹಂಚಿ ಹಳ್ಳಿಯನ್ನೇ ಮೊದಲ ವೀಕ್ಷಕನನ್ನಾಗಿಸಿದ ನೀತಿ ಅದು.

ನನ್ನ ವಾದಕ್ಕೆ ಆಕ್ಷೇಪಗಳಿವೆ. ದೂರದರ್ಶನ 2007ರಲ್ಲಿ ದೆಹಲಿಯಲ್ಲಿ ಡಿವಿಬಿ-ಎಚ್ ಪ್ರಯೋಗಿಸಿದರೂ ಅದು ದೇಶಕ್ಕೆ ಹಬ್ಬಲಿಲ್ಲವಲ್ಲ ಎನ್ನಬಹುದು. ನಿಜ. ಹಿಡಿಯುವ ಫೋನುಗಳು ವಿರಳ, ಗೋಪುರಗಳ ವೆಚ್ಚ ಹೆಚ್ಚು. ಅಷ್ಟರಲ್ಲಿ ಇಂಟರ್‌ನೆಟ್ ಅಗ್ಗವಾಯಿತು. ಇವು ವ್ಯಾಪಾರದ ಕಾರಣಗಳು, ವಿದ್ಯೆಯ ದೋಷವಲ್ಲ. ಅಗ್ಗದ ಡೇಟಾ ಇರುವಾಗ ಪ್ರಸಾರವೇಕೆ ಎಂಬುದು ಗಟ್ಟಿಯಾದ ಪ್ರಶ್ನೆ. ಇಂಟರ್‌ನೆಟ್‌ನಲ್ಲಿ ನೋಡುವವರು ಹೆಚ್ಚಿದಷ್ಟೂ ದಾರಿ ಕಿಕ್ಕಿರಿಯುತ್ತದೆ. ಪ್ರಸಾರಕ್ಕೆ ನೂರು ಮಂದಿಯೂ ಒಂದೇ, ಲಕ್ಷ ಮಂದಿಯೂ ಒಂದೇ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿತು. ಅಂಥ ದಿನ ಎಲ್ಲರಿಗೂ ಬೇಕಾದದ್ದು ಒಂದೇ ಸುದ್ದಿ, ಮತ್ತು ಅಂದೇ ಎಲ್ಲರೂ ಫೋನು ಹಿಡಿಯುತ್ತಾರೆ. ಫೋನಿಗೆ ಬರುವ ಎಚ್ಚರಿಕೆ ಸಂದೇಶ ಸಾಲದೇ? ಅದು ಬೇಕು, ಆದರೆ ಅಕ್ಷರ ಬಾರದವರಿಗೆ ಯಾವ ದಾರಿ ಮುಚ್ಚಿದೆಯೆಂದು ತೋರಿಸಲು ಧ್ವನಿ ಮತ್ತು ಚಿತ್ರವೇ ಬೇಕು.

ಈಗ 'ಡೈರೆಕ್ಟ್ ಟು ಮೊಬೈಲ್' ಹೆಸರಿನಲ್ಲಿ ಇದೇ ಗುರಿಯ ಹೊಸ ತಂತ್ರದ ಪರೀಕ್ಷೆ ಬೆಂಗಳೂರಿನಲ್ಲೂ ನಡೆದಿದೆ. ಕಾಲುವೆಯ ಯೋಗ್ಯತೆ ತಿಳಿಯುವುದು ಕೊನೆ ಭಾಗದ ಹೊಲದಲ್ಲಿ. ಹಾಗೆಯೇ ಈ ಪರೀಕ್ಷೆಯ ಅಂಕವನ್ನೂ ಕೃಷ್ಣೆಯ ದಂಡೆಯ ದೇವದುರ್ಗದಲ್ಲಿ, ತುಂಗಭದ್ರೆಯ ಕಡೆಯ ಮಾನ್ವಿಯಲ್ಲಿ ಕೊಡಬೇಕು. ಸಾರ್ವಜನಿಕ ತರಂಗದ ಮೇಲೆ ನಮ್ಮ ಜಿಲ್ಲೆ ಕೇಳಬೇಕಾದ ನ್ಯಾಯ ಇದು.