ಬೆಂಕಿಪೊಟ್ಟಣದಷ್ಟು ಬೋರ್ಡು, ಹೊಲದ ಮೋಟಾರು
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ ತ್ರೀ ಫೇಸ್ ಕರೆಂಟು ಬಂದರೆ ಬ್ಯಾಟರಿ ಹಿಡಿದು ಹೊಲಕ್ಕೆ ಓಡುವ ಪಾಡು ನಮಗೆಲ್ಲ ಗೊತ್ತು. ಹಾವು-ಚೇಳಿನ ಭಯ ಬೇರೆ. ಬೋರಿನಲ್ಲಿ ನೀರು ಇಳಿದದ್ದು ತಿಳಿಯದೆ ಮೋಟಾರು ಸುಟ್ಟರಂತೂ ನಮ್ಮ ಹೆಸರು ಸಂಘದ ಬಾಕಿ ಪಟ್ಟಿಗೆ ಸೇರಿದಂತೆಯೇ. ಅದಕ್ಕೇ ಈ ಎರಡು ಮಾತು.

2014ರಲ್ಲಿ ಚೀನಾದ ಶಾಂಘೈ ನಗರದ ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ 8266 ಎಂಬ ವೈಫೈ ಚಿಪ್ ಬಂತು. 2016ರಲ್ಲಿ ಬಂದ ಇಎಸ್‌ಪಿ 32ರಲ್ಲಿ ಬ್ಲೂಟೂತ್ ಕೂಡ ಸೇರಿತು. ಇದನ್ನು ಕೂರಿಸಿದ ಬೋರ್ಡು ಬೆಂಕಿಪೊಟ್ಟಣದಷ್ಟು. ಬೆಲೆ ಕೆಲವು ನೂರು ರೂಪಾಯಿ. ಸೆನ್ಸರ್ ಜೋಡಿಸಿದರೆ ನೀರಿನ ಮಟ್ಟ, ಮಣ್ಣಿನ ತೇವ, ಡೇರಿ ಟ್ಯಾಂಕಿನ ತಂಪು ಎಲ್ಲವನ್ನೂ ಫೋನಿಗೆ ತಿಳಿಸುತ್ತದೆ.

ಆದರೆ ಮನೆಯ ವೈಫೈ ದೂರದ ಹೊಲ ಮುಟ್ಟುವುದಿಲ್ಲ. ಅದಕ್ಕೆ ಲೋರಾ ಎಂಬ ರೇಡಿಯೋ ಭಾಗ ಸೇರಿಸುತ್ತಾರೆ. ಅಡ್ಡಿಯಿಲ್ಲದ ಬಯಲಲ್ಲಿ ಕೆಲವು ಕಿಲೋಮೀಟರು ಸುದ್ದಿ ಮುಟ್ಟಿಸುತ್ತದೆ.

ಒಂದು ಎಚ್ಚರಿಕೆ. ಬೋರ್ಡು ನಡೆಯುವುದು 3.3 ವೋಲ್ಟಿನಲ್ಲಿ, ಮೋಟಾರು 415 ವೋಲ್ಟಿನಲ್ಲಿ. ನಡುವೆ ರಿಲೇ, ಕಾಂಟ್ಯಾಕ್ಟರ್ ಇರಲೇಬೇಕು. ಸ್ಟಾರ್ಟರಿನ ಓವರ್‌ಲೋಡ್ ರಕ್ಷಣೆ ತೆಗೆಯಕೂಡದು. ಕೆಲಸ ಬಲ್ಲ ಎಲೆಕ್ಟ್ರಿಷಿಯನ್ನರೇ ಜೋಡಿಸಬೇಕು. ನಮ್ಮ ಕೈಚಳಕ ಅಲ್ಲಿ ಬೇಡ.

ಬೋರ್ಡು ಅಗ್ಗ ನಿಜ. ಕೆಟ್ಟಾಗ ನೋಡುವವರು ಊರಲ್ಲಿಲ್ಲದಿದ್ದರೆ ಅದೂ ದಂಡವೇ. ಆದ್ದರಿಂದ ಒಬ್ಬೊಬ್ಬರೇ ಸಾಲ ಮಾಡಿ ಕೊಳ್ಳುವುದು ಬೇಡ. ಸಂಘವೇ ಮೊದಲು ಒಂದು ಹೊಲದಲ್ಲಿ ಒಂದು ಮಳೆಗಾಲ, ಒಂದು ಬೇಸಿಗೆ ಪರೀಕ್ಷೆ ಮಾಡಲಿ. ಊರಿನ ಇಬ್ಬರು ಮಕ್ಕಳಿಗೆ ಕೆಲಸ ಕಲಿಸಲಿ. ಕೂಡಿ ಬಾಳುವುದನ್ನು ಕಲಿತ ನಮಗೆ ಇದೇನು ದೊಡ್ಡದಲ್ಲ.

ಜೈ ಸಹಕಾರ!