ಏಳು ಮಿಲಿಮೀಟರ್ ಮೌಸರ್: ಸೈನ್ಯದ ತೋಟೆ ಬೇಟೆಯ ತೋಟೆಯಾದ ಬಗೆ

ಜಿಂಕೆ ಬೇಟೆಯ ಕೋವಿಗಳ ಚರಿತ್ರೆಯಲ್ಲಿ ಕೋವಿ ತಯಾರಕರ ಹೆಸರುಗಳು ಎದ್ದು ಕಾಣುತ್ತವೆ. ಆದರೆ ಒಂದು ಕೋವಿ ಬೇಟೆಗೆ ತಕ್ಕುದೋ ಅಲ್ಲವೋ ಎಂಬುದನ್ನು ತೀರ್ಮಾನಿಸಿದ್ದು ಬಹುಮಟ್ಟಿಗೆ ಅದರೊಳಗೆ ತುಂಬುವ ತೋಟೆ. ತೋಟೆ ಎಂದರೆ ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು, ಈ ನಾಲ್ಕೂ ಸೇರಿದ ಘಟಕ. ತೋಟೆಯನ್ನು ಆರಿಸುವವನು ಗುಂಡಿನ ತೂಕ, ಅದರ ವೇಗ ಮತ್ತು ಅದರ ರಚನೆ ಎಂಬ ಮೂರು ಸಂಗತಿಗಳನ್ನು ಒಟ್ಟಿಗೆ ಆರಿಸಿಕೊಳ್ಳುತ್ತಾನೆ. ಈ ಆಯ್ಕೆ ನೂರಮೂವತ್ತು ವರ್ಷಗಳಲ್ಲಿ ಹೇಗೆ ಬದಲಾಯಿತು ಎಂಬುದಕ್ಕೆ 7×57 ಮೌಸರ್ ಎಂಬ ಮಧ್ಯಮ ಅಳತೆಯ ತೋಟೆಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಈ ಹೆಸರಿನಲ್ಲಿ ಏಳು ಎಂಬುದು ನಳಿಗೆಯ ಒಳ ಅಳತೆಯಾದರೆ, ಐವತ್ತೇಳು ಎಂಬುದು ಹಿತ್ತಾಳೆ ಕೋಶದ ಉದ್ದ. ಎರಡೂ ಮಿಲಿಮೀಟರ್ ಲೆಕ್ಕದಲ್ಲಿ.

ಈ ತೋಟೆ ಹುಟ್ಟಲು ಅದಕ್ಕೆ ಹಿಂದಿನ ದಶಕದ ಎರಡು ಆವಿಷ್ಕಾರಗಳು ಕಾರಣವಾದವು. 1884ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಪಾಲ್ ವಿಯೆಯ್ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ ಮೇಲೆ, ಕರಿಮದ್ದಿನಿಂದ ಎಂದೂ ದೊರೆಯದಿದ್ದ ವೇಗ ಚಿಕ್ಕ ಗುಂಡುಗಳಿಗೆ ದೊರೆಯಿತು. ಆ ವೇಗದಲ್ಲಿ ಬರಿಯ ಸೀಸದ ಗುಂಡು ನಳಿಗೆಯ ಒಳಮೈಗೆ ಸವರಿಕೊಂಡು ಹಾಳಾಗುತ್ತಿತ್ತಾದ್ದರಿಂದ, ಸ್ವಿಟ್ಜರ್‌ಲೆಂಡಿನ ಎಡುವಾರ್ಡ್ ರುಬಿನ್ 1880ರ ದಶಕದ ಆರಂಭದಲ್ಲಿ ರೂಪಿಸಿದ ತಾಮ್ರದ ಹೊದಿಕೆಯ ಗುಂಡು ಎಲ್ಲ ಸೈನ್ಯಗಳಿಗೂ ಮಾದರಿಯಾಯಿತು. ಈ ಎರಡನ್ನೂ ಬಳಸಿಕೊಂಡು ಜರ್ಮನಿಯ ಓಬರ್ನ್‌ಡಾರ್ಫಿನ ಪೌಲ್ ಮೌಸರ್ 1892ರಲ್ಲಿ ಏಳು ಮಿಲಿಮೀಟರಿನ ತೋಟೆಯನ್ನು ರೂಪಿಸಿದ. ಮರುವರ್ಷವೇ ಸ್ಪೇನ್ ಅದನ್ನು ತನ್ನ ಸೈನ್ಯಕ್ಕೆ ಅಂಗೀಕರಿಸಿತು. ಅದರ ಗುಂಡು 173 ಗ್ರೇನ್ ತೂಗುತ್ತಿತ್ತು. ಗ್ರೇನ್ ಎಂಬುದು ಸುಮಾರು 65 ಮಿಲಿಗ್ರಾಮಿನ ಹಳೆಯ ತೂಕವಾದ್ದರಿಂದ ಇದು ಹನ್ನೊಂದು ಗ್ರಾಮಿಗೆ ತುಸು ಹೆಚ್ಚು. ತುದಿ ದುಂಡಗಿದ್ದ ಆ ಉದ್ದನೆಯ ಗುಂಡು ನಳಿಗೆಯಿಂದ ಸೆಕೆಂಡಿಗೆ ಸುಮಾರು 700 ಮೀಟರ್, ಅಂದರೆ 2,300 ಅಡಿ ವೇಗದಲ್ಲಿ ಹೊರಡುತ್ತಿತ್ತು.

ಹೊಸ ತೋಟೆಯ ಸಾಮರ್ಥ್ಯವನ್ನು ಜಗತ್ತು ಮೊದಲು ಯುದ್ಧದಲ್ಲಿ ಕಂಡಿತು. 1898ರ ಜುಲೈ 1ರಂದು ಕ್ಯೂಬಾದ ಸಾನ್ ಹುವಾನ್ ಗುಡ್ಡದ ಕಾಳಗದಲ್ಲಿ ಕಡಿಮೆ ಸಂಖ್ಯೆಯ ಸ್ಪೇನಿನ ಸೈನಿಕರು ಇದರಿಂದ ಅಮೆರಿಕನ್ ಪಡೆಗೆ ಭಾರಿ ನಷ್ಟ ಉಂಟುಮಾಡಿದರು. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ಬೋಯರ್ ರೈತರು ಇದೇ ತೋಟೆಯ ಮೌಸರ್ ಕೋವಿಗಳಿಂದ ಬ್ರಿಟಿಷ್ ಸೈನ್ಯವನ್ನು ದೂರದಿಂದಲೇ ಕಾಡಿದರು. ಆದರೆ ಸೈನ್ಯ ಮೆಚ್ಚಿದ ಗುಂಡು ಬೇಟೆಗೆ ಒದಗುವಂಥದಾಗಿರಲಿಲ್ಲ. ತುದಿಯವರೆಗೂ ಗಟ್ಟಿ ಹೊದಿಕೆಯಿದ್ದ ಗುಂಡು ಜಿಂಕೆಯ ದೇಹದೊಳಗೆ ಆಕಾರ ಬದಲಿಸದೆ ಕಿರಿದಾದ ದಾರಿ ಕೊರೆದು ಆಚೆ ಹೋಗಿಬಿಡುತ್ತಿತ್ತು. ಏಟು ತಿಂದ ಪ್ರಾಣಿ ಎಷ್ಟೋ ದೂರ ಓಡಿ, ಬೇಟೆಗಾರನ ಕೈಗೂ ಸಿಗದೆ, ನರಳಿ ಸಾಯುತ್ತಿತ್ತು.

ಈ ಕೊರತೆಗೆ ಪರಿಹಾರ ಹುಡುಕಿದ ಪ್ರಸಿದ್ಧ ಪ್ರಯತ್ನವೊಂದು ನಡೆದದ್ದು ಭಾರತದಲ್ಲಿ, ಅದೂ ಮನುಷ್ಯರ ಮೇಲೆ ಬಳಸಲೆಂದು. ವಾಯವ್ಯ ಗಡಿಯ ಕಾಳಗಗಳಲ್ಲಿ ಬ್ರಿಟಿಷ್ ಸೈನ್ಯದ .303 ಗುಂಡು ಎದುರಾಳಿಯನ್ನು ತಡೆಯುತ್ತಿಲ್ಲವೆಂಬ ದೂರು ಬಂದಾಗ, ಕಲ್ಕತ್ತೆಯ ಸಮೀಪದ ಡಮ್‌ಡಮ್ ಶಸ್ತ್ರಾಗಾರದ ಕ್ಯಾಪ್ಟನ್ ಬರ್ಟಿ-ಕ್ಲೇ 1890ರ ದಶಕದಲ್ಲಿ ಗುಂಡಿನ ತುದಿಯ ಹೊದಿಕೆಯನ್ನು ತೆಗೆದು ಒಳಗಿನ ಸೀಸ ಹೊರಗೆ ಕಾಣುವಂತೆ ಮಾಡಿಸಿದ. ಇಂಥ ಗುಂಡು ದೇಹಕ್ಕೆ ತಾಗಿದೊಡನೆ ಅಣಬೆಯಂತೆ ಅರಳಿ ಅಗಲವಾಗುತ್ತದೆ. 1899ರ ಹೇಗ್ ಸಮಾವೇಶದ ಘೋಷಣೆಯೊಂದು ಯುದ್ಧದಲ್ಲಿ ಅರಳುವ ಗುಂಡನ್ನು ನಿಷೇಧಿಸಿತು. ಯುದ್ಧದಲ್ಲಿ ಕ್ರೌರ್ಯವೆನಿಸಿದ ಅದೇ ಗುಣ ಬೇಟೆಯಲ್ಲಿ ಕರುಣೆಯೆನಿಸಿತು, ಏಕೆಂದರೆ ಅರಳಿದ ಗುಂಡು ಶ್ವಾಸಕೋಶ ಮತ್ತು ಹೃದಯಗಳ ಭಾಗದಲ್ಲಿ ತನ್ನ ಶಕ್ತಿಯನ್ನೆಲ್ಲ ವ್ಯಯಿಸಿ ಪ್ರಾಣಿಯನ್ನು ಬೇಗ ಕೆಡಹುತ್ತದೆ. ಅಲ್ಲಿಂದ ಮುಂದೆ ಸೈನಿಕನ ತೋಟೆಯೂ ಬೇಟೆಗಾರನ ತೋಟೆಯೂ, ಕೋಶ ಒಂದೇ ಆಗಿದ್ದರೂ, ಬೇರೆ ಬೇರೆ ದಾರಿ ಹಿಡಿದವು.

ಏಳು ಮಿಲಿಮೀಟರ್ ತೋಟೆಯನ್ನು ಬೇಟೆಯ ದಾರಿಗೆ ತಂದ ಶ್ರೇಯಸ್ಸಿನ ದೊಡ್ಡ ಪಾಲು ಲಂಡನ್ನಿನ ಜಾನ್ ರಿಗ್ಬಿ ಸಂಸ್ಥೆಗೆ ಸಲ್ಲಬೇಕು. ಮೌಸರ್ ಕೋವಿಗಳನ್ನು ತರಿಸಿ ಬೇಟೆಗೆ ಒಪ್ಪುವಂತೆ ತಿದ್ದಿ ಮಾರುತ್ತಿದ್ದ ಆ ಸಂಸ್ಥೆ, 1907ರ ಸುಮಾರಿಗೆ ಈ ತೋಟೆಗೆ .275 ರಿಗ್ಬಿ ಎಂಬ ಇಂಗ್ಲಿಷ್ ಅಳತೆಯ ಹೆಸರಿಟ್ಟು, 173 ಗ್ರೇನಿನ ದುಂಡು ತುದಿಯ ಗುಂಡಿಗೆ ಬದಲಾಗಿ 140 ಗ್ರೇನಿನ ಚೂಪು ತುದಿಯ ಗುಂಡನ್ನು ಮುಂದಿಟ್ಟಿತು. ಹಗುರವಾದದ್ದರಿಂದ ಅದರ ವೇಗ ಹೆಚ್ಚಿತು. ಚೂಪಾದ್ದರಿಂದ ಗಾಳಿಯ ತಡೆ ಕಡಿಮೆಯಾಯಿತು. ಹೀಗಾಗಿ ಗುಂಡು ಸಾಗುವ ಹಾದಿ ಹೆಚ್ಚು ನೇರವಾಗಿ, ಸ್ಕಾಟ್ಲೆಂಡಿನ ಬೋಳು ಗುಡ್ಡಗಳಲ್ಲಿ ಕೆಂಜಿಂಕೆಯ ಹತ್ತಿರಕ್ಕೆ ತೆವಳಿ ಹೋಗಿ ದೂರವನ್ನು ಕಣ್ಣಂದಾಜಿನಲ್ಲಿ ಅಳೆಯುತ್ತಿದ್ದ ಬೇಟೆಗಾರನಿಗೆ ಅಂದಾಜು ತುಸು ತಪ್ಪಿದರೂ ಗುರಿ ತಪ್ಪದಂತಾಯಿತು. ಬ್ರಿಟಿಷ್ ಭಾರತಕ್ಕೂ ಈ ಕೋವಿ ಬಂದಿತು. ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕಾಗಿ 1907ರಲ್ಲಿ ಜಿಮ್ ಕಾರ್ಬೆಟ್‌ಗೆ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹ್ಯೂಯೆಟ್ ಬಹುಮಾನವಾಗಿ ಕೊಟ್ಟದ್ದು .275 ರಿಗ್ಬಿ ಕೋವಿಯನ್ನೇ. ಪೂರ್ಣಚಂದ್ರ ತೇಜಸ್ವಿಯವರ ಅನುವಾದಗಳ ಮೂಲಕ ಕಾರ್ಬೆಟ್‌ನ ಬರಹಗಳನ್ನು ಬಲ್ಲ ಕನ್ನಡ ಓದುಗರಿಗೆ ಈ ಕೋವಿ ಅಪರಿಚಿತವೇನಲ್ಲ.

ಗುಂಡಿನ ರಚನೆಯೇ ಮುಖ್ಯವೆಂಬುದಕ್ಕೆ ಅದೇ ಕಾಲದ ವಿರುದ್ಧ ನಿದರ್ಶನವೊಂದಿದೆ. ಆಫ್ರಿಕದ ಆನೆ ಬೇಟೆಗಾರ ಡಬ್ಲ್ಯೂ. ಡಿ. ಎಂ. ಬೆಲ್ ನೂರಾರು ಆನೆಗಳನ್ನು ಇದೇ ಏಳು ಮಿಲಿಮೀಟರ್ ತೋಟೆಯಿಂದ ಕೊಂದ. ಆದರೆ ಅವನು ಆರಿಸಿಕೊಂಡದ್ದು ಸೈನ್ಯದ ಮಾದರಿಯ, ಪೂರ್ತಿ ಹೊದಿಕೆಯ 173 ಗ್ರೇನ್ ಗುಂಡನ್ನು. ಆನೆಯ ತಲೆಬುರುಡೆಯನ್ನು ತೂರಿ ಮಿದುಳನ್ನು ಮುಟ್ಟಲು ಅರಳದೆ ನೆಟ್ಟಗೆ ಸಾಗುವ ಗುಂಡೇ ಬೇಕಾಗಿತ್ತು. ಜಿಂಕೆಗೆ ದೋಷವಾದದ್ದು ಆನೆಗೆ ಗುಣವಾಯಿತು.

ವೇಗ ಹೆಚ್ಚಿದಂತೆ ಹೊಸ ತೊಂದರೆಯೂ ಹುಟ್ಟಿತು. ತುದಿಯಲ್ಲಿ ಸೀಸ ಕಾಣುವ ಮೆತುತುದಿಯ ಗುಂಡು ಹತ್ತಿರದಿಂದ ಭುಜದ ಮೂಳೆಗೆ ತಾಗಿದಾಗ ಅರಳುವುದರ ಬದಲು ಒಡೆದು ಚೂರಾಗಿ, ಆಳಕ್ಕೆ ಇಳಿಯದೆ ಮಾಂಸವನ್ನಷ್ಟೇ ಕೆಡಿಸುತ್ತಿತ್ತು. ಮುಂಭಾಗ ಅರಳಬೇಕು, ಹಿಂಭಾಗ ಇಡಿಯಾಗಿ ಉಳಿಯಬೇಕು ಎಂಬ ಈ ಜೋಡಿ ಬೇಡಿಕೆಗೆ ಜರ್ಮನಿಯ ಆರ್‌ಡಬ್ಲ್ಯೂಎಸ್ ಸಂಸ್ಥೆ ಎಚ್-ಮಾಂಟೆಲ್ ಎಂಬ ಗುಂಡಿನಿಂದ ಉತ್ತರಿಸಿತು. ಅದರ ಹೊದಿಕೆಯು ನಡುವೆ ಒಳಮುಖವಾಗಿ ಮಡಿಚಿಕೊಂಡು ಸೀಸವನ್ನು ಎರಡು ಭಾಗ ಮಾಡುತ್ತಿತ್ತು. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯದಲ್ಲಿ ಮೂಸ್ ಎಂಬ ಭಾರಿ ಜಿಂಕೆಯ ಬೇಟೆಗೆ ಹೋದಾಗ ತನ್ನ ಗುಂಡುಗಳು ಒಡೆದುಹೋದದ್ದನ್ನು ಕಂಡ ಅಮೆರಿಕದ ಜಾನ್ ನಾಸ್ಲರ್, ನಡುವೆ ಗೋಡೆಯಿರುವ ಪಾರ್ಟಿಷನ್ ಗುಂಡನ್ನು ರೂಪಿಸಿ 1948ರ ಹೊತ್ತಿಗೆ ಮಾರಾಟಕ್ಕಿಳಿಸಿದ. ಈ ಗುಂಡುಗಳು ಬಂದ ಮೇಲೆ ಬೇಟೆಗಾರನು ತೂಕದ ಜೊತೆಗೆ ರಚನೆಯನ್ನೂ ಹೆಸರಿಟ್ಟು ಕೇಳಿ ಕೊಳ್ಳುವುದು ರೂಢಿಯಾಯಿತು.

ಇಷ್ಟರ ನಡುವೆ ಹಳೆಯ ಕೋವಿಯ ಬಲದ ಪ್ರಶ್ನೆ ಉಳಿದೇ ಇತ್ತು. 1893 ಮತ್ತು 1895ರ ಮೌಸರ್ ಕೋವಿಗಳಲ್ಲಿ ಸಿಡಿತದ ಒತ್ತಡವನ್ನು ತಡೆದು ಹಿಡಿಯಲು, ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟಿನ ಮುಂಭಾಗದಲ್ಲಿ ಎರಡು ಮುಂಚಾಚುಗಳಷ್ಟೇ ಇದ್ದವು. 1898ರ ಮಾದರಿಯಲ್ಲಿ ರಕ್ಷಣೆಗೆಂದು ಹಿಂಭಾಗದಲ್ಲಿ ಮೂರನೆಯದು ಸೇರಿತು. ಹಳೆಯ ಕೋವಿಗಳು ಅಮೆರಿಕದಲ್ಲಿ ಬಹಳ ಬಳಕೆಯಲ್ಲಿದ್ದುದರಿಂದ ಅಲ್ಲಿನ ಕೈಗಾರಿಕಾ ಮಾನದಂಡವು ಈ ತೋಟೆಯ ಗರಿಷ್ಠ ಒತ್ತಡವನ್ನು ಚದರ ಅಂಗುಲಕ್ಕೆ 51,000 ಪೌಂಡಿಗೆ ಸೀಮಿತಗೊಳಿಸಿತು. ಯುರೋಪಿನ ಮಿತಿ 3,900 ಬಾರ್, ಅಂದರೆ ಅದೇ ಲೆಕ್ಕದಲ್ಲಿ 56,000 ಪೌಂಡಿಗೂ ಮೇಲೆ. ಆದ್ದರಿಂದ ಪೆಟ್ಟಿಗೆಯ ಮೇಲೆ ಒಂದೇ ಹೆಸರಿದ್ದರೂ ಎಲ್ಲ ತೋಟೆಗಳೂ ಎಲ್ಲ ಕೋವಿಗಳಿಗೂ ಸಮಾನವಾಗಿ ಒಪ್ಪುವುದಿಲ್ಲ. ಶತಮಾನ ದಾಟಿದ ಕೋವಿಯನ್ನು ಬಲ್ಲ ಕಮ್ಮಾರನಿಂದ ಪರೀಕ್ಷೆ ಮಾಡಿಸದೆ ಹೆಚ್ಚು ಒತ್ತಡದ ತೋಟೆ ಹಾಕುವುದು ಅಪಾಯವೆಂಬುದು ಈ ವೃತ್ತಿಯ ಮೊದಲ ಪಾಠವಾಯಿತು.

ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಆಯ್ಕೆಯ ಒಂದು ಭಾಗ ಬೇಟೆಗಾರನ ಕೈಯಿಂದ ಕಾನೂನಿನ ಕೈಗೆ ಹೋಯಿತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಾಗೂ ಅದರ ತಿದ್ದುಪಡಿಗಳು ಜಿಂಕೆ, ಕಡವೆಗಳ ಬೇಟೆಗೇ ತೆರೆ ಎಳೆದವು. ಜಿಂಕೆಗಳ ಸಂಖ್ಯೆಯನ್ನು ಹತೋಟಿಯಲ್ಲಿಡಲು ಬೇಟೆ ಇಂದಿಗೂ ನಡೆಯುವ ಸ್ಕಾಟ್ಲೆಂಡಿನಲ್ಲಿ 1985ರ ಆದೇಶವೊಂದು ಕೆಂಜಿಂಕೆಯಂಥ ದೊಡ್ಡ ಜಾತಿಗಳಿಗೆ ಕನಿಷ್ಠ 100 ಗ್ರೇನ್ ತೂಕದ, ಸೆಕೆಂಡಿಗೆ 2,450 ಅಡಿ ವೇಗದ, 1,750 ಅಡಿ-ಪೌಂಡ್ ಶಕ್ತಿಯ, ದೇಹದೊಳಗೆ ಅರಳುವ ಗುಂಡನ್ನೇ ಬಳಸಬೇಕೆಂದು ವಿಧಿಸಿತು. ಈ ಅಳತೆಗಳ ಪರಿಣಾಮ ಕುತೂಹಲಕರವಾದುದು. 1893ರ 173 ಗ್ರೇನ್ ಗುಂಡಿಗೆ ಸುಮಾರು 2,030 ಅಡಿ-ಪೌಂಡ್ ಶಕ್ತಿಯಿದ್ದರೂ ವೇಗ ಸಾಲದೆ ಅದು ಅನರ್ಹವಾಗುತ್ತದೆ. 2,660 ಅಡಿ ವೇಗದ 140 ಗ್ರೇನ್ ಗುಂಡು ಎಲ್ಲ ಷರತ್ತುಗಳನ್ನೂ ಸುಲಭವಾಗಿ ದಾಟುತ್ತದೆ. ರಿಗ್ಬಿ ಸಂಸ್ಥೆ ವ್ಯಾಪಾರದ ದೃಷ್ಟಿಯಿಂದ ಮಾಡಿದ ಆಯ್ಕೆಯನ್ನು ಎಂಟು ದಶಕಗಳ ಅನಂತರ ಕಾನೂನು ಒಪ್ಪಿದಂತಾಯಿತು.

ತೀರ ಈಚಿನ ಬದಲಾವಣೆ ಸೀಸಕ್ಕೆ ಸಂಬಂಧಿಸಿದ್ದು. ಸೀಸದ ಗುಂಡು ಅರಳುವಾಗ ಉದುರುವ ಸಣ್ಣ ಚೂರುಗಳು ಮಾಂಸದಲ್ಲಿಯೂ, ಬೇಟೆಗಾರ ಕಾಡಿನಲ್ಲೇ ಬಿಟ್ಟುಹೋಗುವ ಕರುಳುಗಳಲ್ಲಿಯೂ ಉಳಿದು, ಅವನ್ನು ತಿನ್ನುವ ಹದ್ದು, ರಣಹದ್ದುಗಳಿಗೆ ವಿಷವಾಗುತ್ತವೆ. ಕಾಂಡರ್ ರಣಹದ್ದಿನ ಉಳಿವಿನ ಚಿಂತೆಯಿಂದ ಕ್ಯಾಲಿಫೋರ್ನಿಯಾ 2013ರಲ್ಲಿ ಕಾನೂನು ಮಾಡಿ 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸವನ್ನು ಪೂರ್ತಿ ನಿಷೇಧಿಸಿತು; ಡೆನ್ಮಾರ್ಕ್ 2024ರ ಏಪ್ರಿಲ್‌ನಿಂದ ರೈಫಲ್ ಗುಂಡುಗಳಿಗೂ ಆ ನಿಷೇಧವನ್ನು ವಿಸ್ತರಿಸಿತು. ಸೀಸದ ಸ್ಥಾನಕ್ಕೆ ಬಂದ ಇಡಿ ತಾಮ್ರದ ಗುಂಡು ಅಷ್ಟು ಸಾಂದ್ರವಲ್ಲವಾದ್ದರಿಂದ ಅದೇ ತೂಕಕ್ಕೆ ಹೆಚ್ಚು ಉದ್ದವಿರುತ್ತದೆ. ಅರಳಲು ಹೆಚ್ಚಿನ ವೇಗವನ್ನೂ ಕೇಳುತ್ತದೆ. ಇದಕ್ಕೆ ಅನುಕೂಲವಾಗಲೆಂದೇ ಸ್ಕಾಟ್ಲೆಂಡ್ 2023ರಲ್ಲಿ ತೂಕದ ಕನಿಷ್ಠ ಮಿತಿಯನ್ನು 100ರಿಂದ 80 ಗ್ರೇನಿಗೆ ಇಳಿಸಿತು.

ಉದ್ದನೆಯ ಗುಂಡು ಗಾಳಿಯಲ್ಲಿ ಓಲಾಡದೆ ಸಾಗಬೇಕಾದರೆ ನಳಿಗೆಯ ಒಳಗಿನ ಸುರುಳಿ ಗೀರುಗಳು ಅದನ್ನು ವೇಗವಾಗಿ ತಿರುಗಿಸಬೇಕು. ಇಲ್ಲಿ ಏಳು ಮಿಲಿಮೀಟರ್ ಮೌಸರಿಗೆ ತನ್ನ ಸೈನಿಕ ಪೂರ್ವಚರಿತ್ರೆ ನೆರವಿಗೆ ಬಂದಿದೆ. 173 ಗ್ರೇನಿನ ಉದ್ದನೆಯ ಗುಂಡಿಗಾಗಿ ಅದರ ನಳಿಗೆಯಲ್ಲಿ 220 ಮಿಲಿಮೀಟರಿಗೆ ಒಂದು ಪೂರ್ಣ ಸುತ್ತು ಬರುವಂತೆ ಸುರುಳಿ ಕೊರೆಯಲಾಗಿತ್ತು. ಅದು ನಿಧಾನ ಸುರುಳಿಯ ಅನೇಕ ಹಳೆಯ ಕೋವಿಗಳಿಗಿಂತ ಸುಲಭವಾಗಿ ತಾಮ್ರದ ಗುಂಡಿಗೆ ಹೊಂದಿಕೊಳ್ಳುತ್ತದೆ. ಒಟ್ಟಿನಲ್ಲಿ ಈ ಚರಿತ್ರೆಯಿಂದ ತಿಳಿಯುವ ವಿವೇಕ ಒಂದು ಕ್ರಮವಾಗಿದೆ: ಕೋವಿ ಎಷ್ಟು ಒತ್ತಡ ತಾಳುತ್ತದೆ ಎಂಬುದು ಮೊದಲು, ಸುರುಳಿಗೆ ಎಷ್ಟು ಉದ್ದದ ಗುಂಡು ಒಪ್ಪುತ್ತದೆ ಎಂಬುದು ಅನಂತರ, ಆ ಗುಂಡು ಪ್ರಾಣಿಯ ದೇಹದಲ್ಲಿಯೂ ಆಮೇಲೆ ಕಾಡಿನಲ್ಲಿಯೂ ಏನು ಮಾಡುತ್ತದೆ ಎಂಬುದು ಕೊನೆಗೆ. ಮೊದಲೆರಡು ಪ್ರಶ್ನೆಗಳಿಗೆ ಮೌಸರನ ಕಾಲದಲ್ಲೇ ಉತ್ತರ ಸಿದ್ಧವಾಗಿತ್ತು. ಮೂರನೆಯದರ ವ್ಯಾಪ್ತಿ ಮಾತ್ರ ಪ್ರತಿ ತಲೆಮಾರಿನಲ್ಲೂ ಹಿಗ್ಗುತ್ತ ಬಂದಿದ್ದು, ತೋಟೆಯ ಮುಂದಿನ ಬದಲಾವಣೆಗಳನ್ನು ನಿರ್ಧರಿಸುವುದೂ ಅದೇ.