ಗುಟ್ಟಿನ ವಿಮಾನ



ಹೊನ್ನನ್ನು ನೆಲದಲ್ಲಿ ಹೂಳಬಹುದು, ಪತ್ರವನ್ನು ಸುಡಬಹುದು. ಆದರೆ ವಿಮಾನವಾದರೋ ಹಾರಲೇಬೇಕು. ಹಾರಿದುದನ್ನು ಮರೆಮಾಡಲು ಆಕಾಶಕ್ಕೆ ಬಾಗಿಲಿಲ್ಲ. ಹೀಗಿದ್ದೂ, ಒಂದು ಹೊಸ ಬಗೆಯ ಯುದ್ಧವಿಮಾನದ ರೂಪವನ್ನು ಸುಮಾರು 11 ವರ್ಷಗಳ ಕಾಲ ಲೋಕಕ್ಕೆ ತೋರಗೊಡದೆ ಕಾಪಾಡಿದವರುಂಟು. ಅಮೆರಿಕೆಯ ಎಫ್-117 ಎಂಬ ಆ ವಿಮಾನದ ವೃತ್ತಾಂತವನ್ನು ಈ ಹೊತ್ತು ನಾವು ಸ್ವಲ್ಪ ವಿಚಾರ ಮಾಡೋಣ.

ಮೊದಲು ರೇಡಾರಿನ ಸಂಗತಿ. ಈ ಯಂತ್ರವು ರೇಡಿಯೋ ಅಲೆಗಳನ್ನು ಆಕಾಶಕ್ಕೆ ಕಳುಹಿಸುತ್ತದೆ; ಅವು ವಿಮಾನಕ್ಕೆ ತಾಗಿ ಹಿಂದಿರುಗಿದರೆ ವಿಮಾನವಿರುವ ದಿಕ್ಕೂ ದೂರವೂ ತಿಳಿಯುತ್ತವೆ. ಕತ್ತಲೆಯ ಕೋಣೆಯಲ್ಲಿ ದೀಪ ಹಿಡಿದು, ಚೆನ್ನಾಗಿ ಬೆಳಗಿದ ತಾಮ್ರದ ಬಿಂದಿಗೆಯನ್ನು ನೋಡೋಣ. ಯಾವ ಕಡೆಯಿಂದ ನೋಡಿದರೂ ಅದರ ದುಂಡುಮೈಯ ಮೇಲೆ ಹೊಳೆಯುವ ಚುಕ್ಕೆಯೊಂದು ಕಾಣುತ್ತದೆ. ಓರೆಯಾಗಿ ನಿಲ್ಲಿಸಿದ ಕನ್ನಡಿಯಾದರೋ ಬೆಳಕನ್ನು ಬೇರೆಲ್ಲಿಗೋ ಎಸೆದು ತಾನು ಕಪ್ಪಾಗಿ ಉಳಿಯುತ್ತದೆ. ಹಳೆಯ ವಿಮಾನಗಳೆಲ್ಲವೂ ಬಿಂದಿಗೆಯ ಜಾತಿಯವು. ಕನ್ನಡಿಯ ಚೂರುಗಳಂಥ ಚಪ್ಪಟೆ ತಗಡುಗಳನ್ನು ಓರೆಯಾಗಿ ಜೋಡಿಸಿ ವಿಮಾನವನ್ನು ಕಟ್ಟಿದರೆ ಹೇಗೆ? ಆಗಲೂ ಒಂದು ತೊಡಕುಂಟು. ತಗಡಿನ ಅಂಚಿಗೆ ತಾಗಿದ ಅಲೆಯು ನಾನಾ ದಿಕ್ಕುಗಳಿಗೆ ಚೆದರುತ್ತದೆ. ಈ ಚೆದರುವಿಕೆಯನ್ನು ಲೆಕ್ಕಕ್ಕೆ ಸಿಕ್ಕಿಸದೆ ಕೆಲಸ ಸಾಗದು.

ಆ ಲೆಕ್ಕವನ್ನು ಮಾಡಿದ್ದವರು ಅಮೆರಿಕೆಯವರಲ್ಲ. ಸೋವಿಯತ್ ದೇಶದ ಪ್ಯೋತರ್ ಉಫಿಮ್‌ತ್ಸೆವ್ ಎಂಬ ಭೌತವಿಜ್ಞಾನಿಗಳು ಅಂಚಿನ ಅಲೆಗಳನ್ನು ಕುರಿತು ಒಂದು ಗ್ರಂಥವನ್ನು ರಚಿಸಿದರು. ಅದು 1962ರಲ್ಲಿ ಮಾಸ್ಕೋವಿನಲ್ಲಿ ಬಹಿರಂಗವಾಗಿಯೇ ಅಚ್ಚಾಯಿತು; ಅದರಲ್ಲಿ ಬಚ್ಚಿಡತಕ್ಕ ಯುದ್ಧರಹಸ್ಯವಿದೆಯೆಂದು ಯಾರೂ ಎಣಿಸಲಿಲ್ಲ. ಅಮೆರಿಕೆಯ ವಾಯುಸೇನೆಯವರು 1971ರಲ್ಲಿ ಅದನ್ನು ಇಂಗ್ಲಿಷಿಗೆ ಭಾಷಾಂತರಿಸಿದರು. ಕ್ಯಾಲಿಫೋರ್ನಿಯದ ಲಾಕ್‌ಹೀಡ್ ಕಂಪೆನಿಯಲ್ಲಿ ಗಣಿತಜ್ಞರಾಗಿದ್ದ ಡೆನಿಸ್ ಓವರ್‌ಹೋಲ್ಸರ್ ಅವರಿಗೆ ಆ ಭಾಷಾಂತರದ ಬೆಲೆ ತಿಳಿಯಿತು. 1975ರಲ್ಲಿ ಅವರು ಅದರ ಸೂತ್ರಗಳನ್ನು ಗಣಕಯಂತ್ರಕ್ಕೆ ಅಳವಡಿಸಿ, ಯಾವ ಆಕಾರವು ರೇಡಾರಿಗೆ ಎಷ್ಟು ಕಾಣುವುದೆಂಬುದನ್ನು ಮೊದಲೇ ಗೊತ್ತುಮಾಡುವ ಉಪಾಯವನ್ನು ಸಾಧಿಸಿದರು. ಆ ಕಾಲದ ಗಣಕಯಂತ್ರಗಳಿಗೆ ಬಾಗಿದ ಮೈಯನ್ನು ಎಣಿಸುವಷ್ಟು ಶಕ್ತಿಯಿರಲಿಲ್ಲ. ವಿಮಾನವು ವಜ್ರದಂತೆ ಮುಖಮುಖವಾಗಿ ಆದುದಕ್ಕೆ ಇದೇ ಕಾರಣ. ಅದರ ಮಾದರಿಯನ್ನು ಕಂಬದ ಮೇಲೆ ನಿಲ್ಲಿಸಿ ಪರೀಕ್ಷಿಸಿದಾಗ, ರೇಡಾರಿಗೆ ಮಾದರಿಗಿಂತಲೂ ಕಂಬವೇ ಹೆಚ್ಚಾಗಿ ಕಂಡಿತು. ಕಂಬವನ್ನೇ ಹೊಸದಾಗಿ ಮಾಡಿಸಬೇಕಾಯಿತು!

1977ನೆಯ ಡಿಸೆಂಬರ್ 1ರಂದು ನೆವಾಡದ ಮರುಭೂಮಿಯ ಗ್ರೂಮ್ ಲೇಕ್ ಎಂಬಲ್ಲಿ ಮೊದಲ ಪ್ರಯೋಗವಿಮಾನವು ಮೇಲೆದ್ದಿತು. ಮಾಡಿದ ಎರಡು ಪ್ರಯೋಗವಿಮಾನಗಳೂ ಮುಂದೆ ನೆಲಕ್ಕೆ ಬಿದ್ದುವು. ಚಾಲಕರ ಪ್ರಾಣ ಉಳಿಯಿತು. ಆದರೆ ಮೊದಲು ಹಾರಿಸಿದ ಬಿಲ್ ಪಾರ್ಕ್ ಅವರ ವೈಮಾನಿಕ ಜೀವನವು 1978ರಲ್ಲಿ ಆದ ಗಾಯದಿಂದ ಮುಗಿದುಹೋಯಿತು. ಎಫ್-117 ಮೊದಲು ಹಾರಿದುದು 1981ರ ಜೂನ್ 18ರಂದು. 1983ರಲ್ಲಿ ಅದು ಯುದ್ಧಕ್ಕೆ ಸಿದ್ಧವಾಯಿತು. ಹೆಸರಿನಲ್ಲಿ ಮಾತ್ರ ಅದು ಕಾಳಗದ ವಿಮಾನ. ಅದು ಹೊತ್ತುದು ಬಾಂಬುಗಳನ್ನು.

ಗುಟ್ಟನ್ನು ಕಾಯುವ ಕೆಲಸವು ಯಂತ್ರವನ್ನು ಕಟ್ಟುವುದಕ್ಕಿಂತ ಸುಲಭವಾಗಿರಲಿಲ್ಲ. ವಿಮಾನಗಳನ್ನು ಟೋನೊಪಾ ಎಂಬಲ್ಲಿನ ದೂರದ ಬಯಲಿನಲ್ಲಿಟ್ಟು, ಕತ್ತಲಾದ ಮೇಲೆಯೇ ಹಾರಿಸುತ್ತಿದ್ದರು. ನೋಡುವವರ ಕಣ್ಣಿಗೆ ಮಣ್ಣೆರಚಲು ಎ-7 ಎಂಬ ಬೇರೆ ಜಾತಿಯ ವಿಮಾನಗಳನ್ನೂ ಅಲ್ಲಿ ಇರಿಸಿದ್ದರು. ಚಾಲಕರು ಸೋಮವಾರ ಮನೆ ಬಿಟ್ಟರೆ ಶುಕ್ರವಾರ ಮರಳುವರು. ಎಲ್ಲಿಗೆ ಹೋಗಿದ್ದಿರಿ, ಏನು ಮಾಡಿದಿರಿ ಎಂದು ಮಡದಿಯು ಕೇಳುವಂತಿಲ್ಲ. ಕೇಳಿದರೂ ಅವರು ಹೇಳುವಂತಿಲ್ಲ. 1986ರ ಜುಲೈ 11ರ ರಾತ್ರಿ ಇಂಥದೊಂದು ವಿಮಾನವು ಕ್ಯಾಲಿಫೋರ್ನಿಯದ ಸಿಕೋಯಾ ಅರಣ್ಯದಲ್ಲಿ ಬಿದ್ದು, ಮೇಜರ್ ರಾಸ್ ಮಲ್ಹೇರ್ ತೀರಿಕೊಂಡರು. ಶಸ್ತ್ರಧಾರಿಗಳು ಕಾಡನ್ನು ಸುತ್ತುಗಟ್ಟಿದರು. ಸತ್ತವರು ಹಾರಿಸುತ್ತಿದ್ದುದು ಯಾವ ವಿಮಾನವೆಂಬುದನ್ನು ಸರಕಾರವು ಆಗ ಬಾಯಿಬಿಟ್ಟು ಹೇಳಲಿಲ್ಲ. ಯುದ್ಧವಿಲ್ಲದ ಕಾಲದಲ್ಲಿ ತೆತ್ತ ಈ ಬೆಲೆಯು ಯಾವ ಲೆಕ್ಕಪತ್ರದಲ್ಲಿಯೂ ಕಾಣತಕ್ಕುದಲ್ಲ.

ಅದೇ ವರ್ಷ ಆಟಿಕೆಯ ಕಂಪೆನಿಯೊಂದು, ಗುಟ್ಟಿನ ವಿಮಾನವು ಹೀಗಿರಬಹುದೆಂದು ಊಹಿಸಿ ಮಾದರಿಯೊಂದನ್ನು ಮಾರಾಟಕ್ಕೆ ತಂದಿತು. ಅದರ ಮೈ ನುಣ್ಣಗೆ ದುಂಡಗಿದ್ದಿತು, ನಿಜವಾದುದು ಮೂಲೆಮೂಲೆಯಾಗಿದ್ದಿತು. 1988ರ ನವೆಂಬರ್ 10ರಂದು ಸರಕಾರವು ಮಸುಕಾದ ಒಂದು ಚಿತ್ರವನ್ನು ಹೊರಗೆಡಹಿದಾಗಲೇ ಜನರಿಗೆ ನಿಜಸ್ವರೂಪ ತಿಳಿದುದು. 1991ರ ಕೊಲ್ಲಿ ಯುದ್ಧದಲ್ಲಿ ಈ ವಿಮಾನಗಳು ಬಾಗ್ದಾದಿನ ಮೇಲೆ ಹಾರಿ ಒಂದೂ ನಷ್ಟವಾಗದೆ ಮರಳಿದುವು. ಆದರೆ 1999ರ ಮಾರ್ಚ್ 27ರಂದು ಸರ್ಬಿಯದವರು ಅದರಲ್ಲೊಂದನ್ನು ಕೆಡವಿದರು. ಅವರು ಪ್ರಯೋಗಿಸಿದ ಕ್ಷಿಪಣಿಯ ಬಗೆಯು 1961ರಲ್ಲಿಯೇ ಸೋವಿಯತ್ ಸೇನೆಗೆ ಬಂದಿದ್ದ ಹಳೆಯದು. 2008ರಲ್ಲಿ ಎಫ್-117 ನಿವೃತ್ತವಾಯಿತು.

ಹಾಗೆಂದು ಗುಟ್ಟಿನ ಕೆಲಸ ನಿಂತಿಲ್ಲ. ಮುಂದಿನ ತಲೆಮಾರಿನ ವಿಮಾನದ ಪ್ರಯೋಗರೂಪವು ಆಗಲೇ ಹಾರಿದೆಯೆಂದು ಅಮೆರಿಕೆಯ ವಾಯುಸೇನೆಯು 2020ರಲ್ಲಿ ತಿಳಿಸಿ, ಚಿತ್ರವನ್ನು ತೋರಿಸದೆ ಸುಮ್ಮನಾಯಿತು. 2025ರ ಮಾರ್ಚಿನಲ್ಲಿ ಅದಕ್ಕೆ ಎಫ್-47 ಎಂದು ಹೆಸರಿಟ್ಟರು. ಚೀನದ ಚೆಂಗ್ಡುವಿನಲ್ಲಿ 2024ರ ಡಿಸೆಂಬರಿನಲ್ಲಿ ಬಾಲವಿಲ್ಲದ ವಿಮಾನವೊಂದು ಹಾಡುಹಗಲೇ ಊರ ಮೇಲೆ ಹಾರಿತು. ನಮ್ಮ ಬೆಂಗಳೂರಿನಲ್ಲಿಯೂ ರೇಡಾರಿಗೆ ಸುಲಭವಾಗಿ ಸಿಕ್ಕದ ಯುದ್ಧವಿಮಾನವೊಂದರ ರಚನೆಗೆ 2024ರಲ್ಲಿ ಕೇಂದ್ರ ಸರಕಾರದ ಒಪ್ಪಿಗೆ ದೊರೆತು, 2025ರ ಯಲಹಂಕದ ಪ್ರದರ್ಶನದಲ್ಲಿ ಅದರ ಪೂರ್ಣ ಗಾತ್ರದ ಮಾದರಿಯನ್ನು ಸಾವಿರಾರು ಜನ ಕಂಡರು.

ಇಂಥ ಕೆಲಸದಲ್ಲಿ ತೊಡಗಿದ ದೇಶಗಳು ಯಂತ್ರವನ್ನು ಮರೆಯಲ್ಲಿಡುವುದು ಸಹಜ. ಆದರೆ ಈ ವೃತ್ತಾಂತದಲ್ಲಿ ನಮ್ಮ ಮನಸ್ಸನ್ನು ಸೆಳೆಯುವುದು ಕಾವಲಿನ ಬಿಗಿಯಲ್ಲ. ಯಾರೂ ಬೀಗ ಹಾಕದಿದ್ದ ಒಂದು ಗ್ರಂಥವನ್ನು ಸ್ವದೇಶದಲ್ಲಿ ವಿಮಾನ ಕಟ್ಟುವವರು ಗಮನಿಸಲಿಲ್ಲ. ಸಾವಿರಾರು ಮೈಲಿ ದೂರದಲ್ಲಿ ಒಬ್ಬರು ಶ್ರದ್ಧೆಯಿಂದ ಓದಿದರು. ಅದನ್ನು ಬರೆದ ಉಫಿಮ್‌ತ್ಸೆವ್ ಅವರೇ 1990ರಲ್ಲಿ ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯಕ್ಕೆ ಹೋಗಿ ಅಲ್ಲಿ ಪಾಠ ಹೇಳಿದರು. ನಮ್ಮ ಪುಸ್ತಕಭಂಡಾರಗಳಲ್ಲಿಯೂ ಧೂಳು ಹಿಡಿದ ಗ್ರಂಥಗಳು ಎಷ್ಟೋ ಇವೆ. ಅವುಗಳನ್ನು ತೆರೆದು ನೋಡುವ ತರುಣರು ನಮ್ಮಲ್ಲಿ ಎಷ್ಟು ಮಂದಿ ಇರುವರೆಂಬುದನ್ನು ನಾವು ಕೇಳಿಕೊಳ್ಳಬೇಕು.